ನಮ್ಮ ಮಾವನ ಗ್ರೀಕ್ ಏಕಾದಶಿ

ಆಷಾಢ ಏಕಾದಶಿಯ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಸೋದರಮಾವ ಬಟ್ಟೆ ಕಪಾಟಿನ ಮುಂದೆ ನಿಂತು, "ಎರಡು ಮಸಾಲೆ ರೆಡಿ! ತಕೊಂಡು ಹೋಗಾ!" ಎಂದು ಕೂಗಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀವಾದರೂ ನಗುತ್ತಿದ್ದಿರಿ. ಇಡೀ ಡೊಂಬಿವಲಿಯಲ್ಲಿ ಗ್ರೀಕ್ ಪದ್ಧತಿಯ ಏಕಾದಶಿ ಮಾಡುವ ಉಡುಪಿಯವರು ಇವರೊಬ್ಬರೇ. ಅಂಥವರು ಕಪಾಟಿಗೆ ದೋಸೆ ಕೊಟ್ಟರೆ ಆಶ್ಚರ್ಯವೇನು!

ಗ್ರೀಕ್ ಎಲ್ಲಿಂದ ಬಂತು ಅಂತೀರಾ?

ಮಾವ ಥಾಣೆ ಊರಿನ ಶಾಕಾಹಾರಿ ಹೋಟೆಲೊಂದರಲ್ಲಿ ಮೂವತ್ತು ವರ್ಷ ಮುಖ್ಯ ಅಡಿಗೆಯವರಾಗಿದ್ದವರು. ನಿವೃತ್ತರಾದ ಮೇಲೆ ಜನ ವಾಕಿಂಗ್ ಹೋಗುತ್ತಾರೆ, ಕುಂಡದಲ್ಲಿ ತುಳಸಿ ಬೆಳೆಸುತ್ತಾರೆ. ಇವರು ಉಪವಾಸದ ಹೆಸರುಗಳನ್ನು ಕೂಡಿಹಾಕತೊಡಗಿದರು! ಲೋಕಲ್ ಟ್ರೇನಿನಲ್ಲಿ ಪಕ್ಕಕ್ಕೆ ಯಾರೇ ಕೂರಲಿ, "ಆಪ್ ಲೋಗ್ ಉಪವಾಸ್ ಕೋ ಕ್ಯಾ ಬೋಲ್ತೇ?" ಭಿವಂಡಿಯ ಮಗ್ಗದವರೊಬ್ಬರು ರೋಜಾ ಎಂದರು. ಜೈನ ವ್ಯಾಪಾರಿಯೊಬ್ಬರು ಅರ್ಧ ಡಜನ್ ಹೆಸರು ಕೊಟ್ಟು ಕಲ್ಯಾಣದಲ್ಲಿ ಇಳಿದರು. ಕೊನೆಗೆ ನಮ್ಮ ಮೇಲಿನ ಮಹಡಿಯ ಮಲಯಾಳಿ ಕ್ರಿಶ್ಚಿಯನ್ ಅಂಕಲ್ ಹೇಳಿದರು: "ಗ್ರೀಕಿನಲ್ಲಿ ನೇಸ್ತೆಯಾ. ನೇ ಅಂದರೆ ಇಲ್ಲ. ಉಳಿದದ್ದು ತಿನ್ನುವುದು. ತಿನ್ನುವುದಿಲ್ಲ, ಬಸ್!"

"ಇಸ್ ಮೇ ಆಲೂ ಕಹಾಂ ಹೈ?" ಎಂದು ಮಾವ ಅದರಲ್ಲಿ ಬಟಾಟೆ ಹುಡುಕಿದರಂತೆ.

"ಆಲೂ ನಹೀಂ ಹೈ."

ಮಾವ ದಂಗಾದರು. ಊರಿನ ಹಿರಿಯರು ಹನಿ ನೀರೂ ಮುಟ್ಟದೆ ಮಾಡುತ್ತಿದ್ದ ಏಕಾದಶಿ, ಇಲ್ಲಿನ ಗಾಳಿಗೆ ಸಾಬುದಾಣೆ ಖಿಚಡಿ, ಗೆಣಸು, ಶೇಂಗಾ ಲಾಡು ಎಂದು ಬೆಳೆದು ಹಬ್ಬವೇ ಆಗಿತ್ತು. ಪಕ್ಕದ ಮನೆಯ ಮರಾಠಿ ಆಜಿ ಪ್ರತಿಸಲ ಇವರ ತಟ್ಟೆ ನೋಡಿ, "ಏಕಾದಶೀ, ದುಪ್ಪಟ್ ಖಾಶೀ!" ಎನ್ನುತ್ತಿದ್ದರು. ಇಮ್ಮಡಿ ತಿನ್ನುವ ಏಕಾದಶಿ!

"ನೋಡು ಮಗಳೇ," ಎಂದರು ಮಾವ ನನಗೆ, "ಉಪವಾಸ ಅಂದ್ರೆ ದೇವರ ಹತ್ತಿರ ಇರುವುದು. ಹತ್ತಿರ ಕೂತು ಬಟಾಟೆ ತಿಂದ್ರೂ ನಡೀತದೆ ಅಂತ ನಾವು ಬಾಗಿಲು ತೆರೆದಿಟ್ಟೆವು. ಗ್ರೀಕಿನವನು ಬಾಗಿಲು ಹಾಕಿ ಚಿಲಕ ಜಡಿದ! ಈ ಸಲ ನಂದೂ ಹಾಗೇ!"

"ನಿಮ್ಮ ಶುಗರಿನ ಮಾತ್ರೆ?"

"ಮಾತ್ರೆ ಆಹಾರವಾ ಮಾರಾಯ್ತಿ? ಅದು ತೀರ್ಥದ ಹಾಗೆ, ಒಳಗೆ ಹೋಗ್ತದೆ ಅಷ್ಟೇ."

ಎಂ.ಎಸ್ಸಿ. ಮಾಡಿದ ನಾನು ತಲೆಯಾಡಿಸಿದೆ! ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆಂದು ನನಗೆ ಗೊತ್ತಿರಬೇಕಿತ್ತು. ಅವರು ಕಪಾಟಿಗೆ ದೋಸೆ ಕೊಟ್ಟಾಗ ನಾನು ನಕ್ಕ ಆ ಮೂರು ನಿಮಿಷ ಈಗಲೂ ತಲೆಯೊಳಗೆ ತಿರುಗುತ್ತಲೇ ಇರುತ್ತದೆ. ಸದಾ ವಿಚಿತ್ರವಾಗಿರುವವರ ಜೊತೆ ಇದೇ ಕಷ್ಟ. ನಿಜವಾಗಿ ಕೆಟ್ಟಾಗ ಗುರುತು ಸಿಗುವುದಿಲ್ಲ.

ಅಂಗಿ ಬೆವರಿನಿಂದ ಒದ್ದೆಯಾದದ್ದು ಕಂಡಾಗ ನನ್ನ ನಗು ನಿಂತಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಸಕ್ಕರೆ ನೀರು ತಂದೆ. ಹಲ್ಲು ಕಚ್ಚಿ ಲೋಟ ತಳ್ಳಿದರು. "ನೇಸ್ತೆಯಾ!" ನಾನು ಬೇಡಿದೆ, ಗದರಿದೆ, ಅತ್ತುಬಿಟ್ಟೆ. ಅವರ ಕಣ್ಣು ತೇಲತೊಡಗಿತು.

ಆಗ ಅವರ ಹೆಂಡತಿ, ನನ್ನ ಅತ್ತೆ, ಲೋಟ ಕಿತ್ತುಕೊಂಡು ನೀರನ್ನು ಸೌಟಿಗೆ ಸುರಿದರು. ಗಂಡನನ್ನು ಜನ್ಮದಲ್ಲಿ ಕರೆಯದ ಹಾಗೆ, ಹೋಟೆಲಿನ ಒಳಗೆ ಎಲ್ಲರೂ ಕರೆಯುತ್ತಿದ್ದ ಹಾಗೆ, ಜೋರಾಗಿ ಕರೆದರು: "ಭಟ್ರೇ! ಜಿಲೇಬಿ ಪಾಕ ಆಯ್ತಾ ನೋಡಿ!"

ಬಾಯಿ ತೆರೆಯಿತು! ಮೂವತ್ತು ವರ್ಷ, ಯಾವ ವ್ರತವಿದ್ದರೂ, ಪಾಕದ ಹದ ನೋಡಿದ್ದು ಆ ನಾಲಿಗೆಯೇ. ಅದು ತಿನ್ನುವುದಲ್ಲ, ಕೆಲಸ.

"ಪಾಕ ಬರ್ಲಿಲ್ಲ," ಎಂದರು ಮಾವ. ಅತ್ತೆ ಇನ್ನೊಂದು ಸೌಟು ಕೊಟ್ಟರು. "ಏಲಕ್ಕಿ ಎಲ್ಲುಂಟು ಇದ್ರಲ್ಲಿ?" ಮತ್ತೊಂದು ಸೌಟು. ಸ್ವಲ್ಪ ಹೊತ್ತಿನ ಮೇಲೆ ಮಾವ ನನ್ನತ್ತ ತಿರುಗಿದರು. "ನೀನು ಎಂತಕ್ಕೆ ಅಳುವುದು?"

ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಬೈಯುವಷ್ಟು ಬೈದು, ಗ್ರೀಕ್ ಕಥೆ ಕೇಳಿ ನಕ್ಕರು. "ಕಾಕಾ, ಸಣ್ಣ ಕರುಳಿನ ಒಂದು ಭಾಗವನ್ನು ಹಳೇ ಗ್ರೀಕ್ ವೈದ್ಯರು ನೇಸ್ತಿಸ್, ಅಂದರೆ ಉಪವಾಸಿ ಎಂದೇ ಕರೆದರು. ಹೆಣ ಕೊಯ್ದು ನೋಡಿದಾಗಲೆಲ್ಲ ಅದು ಖಾಲಿ ಇರುತ್ತಿತ್ತಂತೆ. ನಿಮ್ಮ ಪರವಾಗಿ ಅದು ಮಾಡುತ್ತದೆ, ನೀವು ಉಣ್ಣಿ!" ಮಾವನ ಮುಖ ಅರಳಿತು. ಸಂಗ್ರಹಕ್ಕೆ ಹೊಸ ಹೆಸರು!

ಮನೆಗೆ ಬಂದರೂ ನನಗೆ ನಿದ್ದೆ ಬರಲಿಲ್ಲ. ದಿನಾ ರಾತ್ರಿ ಅವರ ಕೋಣೆಯ ಹೊರಗೆ ಚಾಪೆ ಹಾಸಿ ಉಸಿರು ಆಲಿಸುತ್ತ ಮಲಗುತ್ತಿದ್ದೆ. ದೇವರ ದಯೆ, ಒಳಗಿನಿಂದ ಗೊರಕೆ ಕೇಳುತ್ತಿತ್ತು, ರೈಲು ಬಂದ ಹಾಗೆ! ಅದು ನಿಂತರೆ ನಾನು ಎದ್ದು ಕೂರುತ್ತಿದ್ದೆ, ತಕ್ಷಣ ಮತ್ತೆ ಶುರುವಾಗುತ್ತಿತ್ತು.

ಮುಂದಿನ ಏಕಾದಶಿ ಬಂತು. ಮಾವ ಹೊತ್ತುಹೊತ್ತಿಗೆ ಹಾಲು, ಹಣ್ಣು ತೆಗೆದುಕೊಂಡರು. ಮಧ್ಯಾಹ್ನ ಕಾಯಿಪಲ್ಲೆ ಹೆಚ್ಚುತ್ತ ನಾನು ಅತ್ತೆಗೆ ಹೇಳಿದೆ, "ಮಾವನ ಗೊರಕೆ ಕೇಳಿದರೆ ಎಷ್ಟು ಧೈರ್ಯ ಗೊತ್ತುಂಟಾ?"

"ಅವರಿಗೆಲ್ಲಿ ಗೊರಕೆ ಮಾರಾಯ್ತಿ? ನಲವತ್ತು ವರ್ಷದಲ್ಲಿ ನಾನು ಕೇಳಿದ್ದಿಲ್ಲ. ನೀನು ಹೊರಗೆ ಹೆದರಿಕೊಂಡು ಮಲಗಿದ್ದಿ ಅಂತ ಎಚ್ಚರ ಕೂತು ಸುಳ್ಳು ಗೊರಕೆ ಹೊಡೀತಾರೆ. ಪಾಪ, ಗಂಟಲು ಒಣಗಿದೆ."

ಆ ರಾತ್ರಿ ಚಾಪೆ ಸುತ್ತಿ ನನ್ನ ಕೋಣೆಗೆ ಹೋದೆ. "ಮಾವ, ಇನ್ನು ಮಲಗಿ," ಎಂದೆ. ಬಾಗಿಲಾಚೆಯಿಂದ, "ನೀನೂ," ಎಂದರು. ದ್ವಾದಶಿಯ ಬೆಳಿಗ್ಗೆ ಹಾಲಿನವನು ಬೆಲ್ ಒತ್ತಿ ಒತ್ತಿ ಸೋತು, ಪ್ಯಾಕೆಟ್ ಬಾಗಿಲಿಗೆ ನೇತುಹಾಕಿ ಹೋಗಿದ್ದ. ಮನೆಯಲ್ಲಿ ಮೂವರಿಗೂ ಎಚ್ಚರವಾಗಿರಲಿಲ್ಲ.