ಕಪ್ಪು ಪರದೆಯಲ್ಲಿ ಬ್ಲೌಸ್ ಕಟಿಂಗ್

ಬ್ಲೌಸ್ ಹೊಲಿಯುವುದರಲ್ಲಿ ಅಜ್ಜಂಪುರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೆ ಬೇರೆ ಯಾರೂ ಹೇಳದಿದ್ದರೆ ಏನು ಮಾಡುವುದು! ಕಡೂರಿನ ಮಹಿಳಾ ಸಂಘವೊಂದು ಆನ್‌ಲೈನಿನಲ್ಲಿ ಕಟಿಂಗ್ ಕಲಿಸಲು ಟೀಚರ್ ಹುಡುಕುತ್ತಿದೆ ಎಂದು ತಿಳಿದ ದಿನವೇ ಹೆಸರು ಕೊಟ್ಟೆ. ಬುಧವಾರ ಮಧ್ಯಾಹ್ನ ಮೂರಕ್ಕೆ ಒಂದು ಪಾಠ ಮಾಡಿ ತೋರಿಸಬೇಕು. ಇಪ್ಪತ್ತು ಜನ ಹೆಂಗಸರು ನೋಡಿ ಒಪ್ಪಿದರೆ ಕೆಲಸ ನನ್ನದು. ಇಷ್ಟು ವರ್ಷ ಹೊಲಿಗೆ ಮೆಷಿನ್ ತುಳಿದವಳಿಗೆ ಒಮ್ಮೆಯಾದರೂ 'ಟೀಚರ್' ಅನ್ನಿಸಿಕೊಳ್ಳುವ ಆಸೆ ಬಹಳವಿತ್ತು.

ಅದಕ್ಕೆಂದೇ ಲ್ಯಾಪ್‌ಟಾಪ್ ತಂದೆವು. ಮಂಗಳವಾರ ಸಂಜೆ ಪಕ್ಕದ ಮನೆಯ ಸರೋಜಕ್ಕ ಬಂದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಅಬ್ಬಬ್ಬಾ, ಏನ್ ಮಿಂಚ್ತೈತೆ ಕಣೇ! ಈ ಬೀದೀಲಿ ಯಾರ ಮನೇಲೂ ಇಂಥದ್ದಿಲ್ಲ ಬಿಡು" ಅಂದರು. ನನಗೆ ದೃಷ್ಟಿ ಗಿಷ್ಟಿಯಲ್ಲಿ ಕಿಂಚಿತ್ತೂ ನಂಬಿಕೆಯಿಲ್ಲ. ಆದರೂ ಅವರು ಗೇಟು ದಾಟಿದ ಕೂಡಲೇ ಅಗತ್ಯ ಮುನ್ನೆಚ್ಚರಿಕೆ ಕ್ರಮವನ್ನು ಕೈಗೊಂಡೆ.

ಬುಧವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಕ್ಯಾಮೆರಾ ಹಾಕಿದರೆ ಪರದೆ ತುಂಬ ಕಪ್ಪು! ಕ್ಯಾಮೆರಾದ ಪಕ್ಕದ ಪುಟ್ಟ ದೀಪವೇನೋ ಉರಿಯುತ್ತಿತ್ತು. ಕಟಿಂಗ್ ಕಾಣಿಸದೆ ಕಟಿಂಗ್ ಕಲಿಸುವುದು ಹೇಗೆ?

ತೆಂಗಿನ ತೋಟಕ್ಕೆ ಹೊರಟಿದ್ದ ನಮ್ಮ ಯಜಮಾನರು ಬಗ್ಗಿ ನೋಡಿದರು. ಅವರಿಗೆ ತಿಳಿದಿರುವ ಯಂತ್ರ ಪಂಪ್‌ಸೆಟ್ ಒಂದೇ.

"ಏರ್ ಹಿಡ್ಕೊಂಡಿರ್ಬೇಕು ಕಣೇ. ಮೇಲಿಂದ ಒಂಚೂರು ನೀರು..."

ಅವರು ಮಾತು ಮುಗಿಸುವ ಮೊದಲೇ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಒಳಗೆ ಓಡಿದೆ!

ಸೋಲುವ ಜಾತಿಯವಳಲ್ಲ ನಾನು. ಏಳು ಸಲ ಆಫ್ ಮಾಡಿ ಆನ್ ಮಾಡಿದೆ. ಸೆಟ್ಟಿಂಗ್ಸಿಗೆ ಹೋಗಿ ಕ್ಯಾಮೆರಾಕ್ಕೆ ಅನುಮತಿ ಕೊಟ್ಟೆ, ಕಿತ್ತುಕೊಂಡೆ, ಮತ್ತೆ ಕೊಟ್ಟೆ. ಡ್ರೈವರ್ ಎಂಬುದನ್ನು ಅಳಿಸಿ ಹೊಸದಾಗಿ ಹಾಕಿ ಎಂದು ವಿಡಿಯೋ ಒಂದರಲ್ಲಿ ಹೇಳಿದರು. ಧೈರ್ಯವಾಗಿ ಅಳಿಸಿದೆ. ಆಮೇಲೆ ನೋಡಿದರೆ ನಾನು ಅಳಿಸಿದ್ದು ಕ್ಯಾಮೆರಾದ್ದಲ್ಲ, ಸೌಂಡಿನದ್ದು! ಕಾಣಿಸದಿದ್ದ ಲ್ಯಾಪ್‌ಟಾಪ್ ಈಗ ಕೇಳಿಸುವುದನ್ನೂ ನಿಲ್ಲಿಸಿತು.

"ಸುಮ್ನೆ ಫೋನಲ್ಲೇ ಮಾಡ್ಬಾರ್ದೇನೇ?" ಅಂದರು ಯಜಮಾನರು.

"ಫೋನಲ್ಲಿ ಮಾಡೋಕೆ ಇಷ್ಟು ದೊಡ್ಡದು ತಂದ್ನಾ? ತರೀಕೆರೆಗೆ ಹೋಗಿ ರಿಪೇರಿ ಮಾಡಿಸ್ಕೊಂಡೇ ಬತ್ತೀನಿ, ನೋಡ್ತಿರಿ!"

ಹತ್ತರ ಬಸ್ಸು ಹತ್ತಿದೆ. ಅಂಗಡಿಯಲ್ಲಿ ರಿಪೇರಿಯವರಿಗೆ ರೋಗದ ಸಂಪೂರ್ಣ ಇತಿಹಾಸ ಹೇಳಿದೆ. ಸರೋಜಕ್ಕನ ಕಣ್ಣಿನ ಬಗ್ಗೆಯೂ ಹೇಳಿದೆ. ಅವರು ಟಾರ್ಚ್ ಬಿಟ್ಟು ನೋಡಿ, ಬಿಳಿ ಬಟ್ಟೆಯೊಂದರಿಂದ ಕ್ಯಾಮೆರಾವನ್ನು ಮೆಲ್ಲಗೆ ಒತ್ತಿದರು. ಪರದೆಯ ಮೇಲೆ ಮಬ್ಬುಮಬ್ಬಾಗಿ ನನ್ನ ಮುಖ ಮೂಡಿತು. ಬಟ್ಟೆಯ ಮೇಲೆ ಕಪ್ಪು ಕಲೆ.

"ಅಕ್ಕಾ, ಇದು ಕಾಡಿಗೆ ಅಲ್ವಾ?"

ಕಾಡಿಗೆಯೇ! ಮಗುವಿನ ಹಣೆಗೆ ಇಡುವಂತೆ ಪರದೆಯ ಮೇಲಿನ ಕಪ್ಪು ಅಂಚಿನ ನಟ್ಟನಡುವೆ ನಾನೇ ಇಟ್ಟಿದ್ದ ದೃಷ್ಟಿಬೊಟ್ಟು. ಕಪ್ಪಿನ ಮೇಲೆ ಕಪ್ಪಾದರೆ ಯಾರಿಗೂ ಕಾಣುವುದಿಲ್ಲ ಎಂದು ಜಾಣತನ ಬೇರೆ ಮಾಡಿದ್ದೆ.

"ಸೌಂಡ್ ಏನಾಯ್ತಕ್ಕಾ?"

"ಅದು ತಾನಾಗೇ ಕೆಟ್ಟೋಯ್ತು" ಅಂದೆ.

ಅವರು ಅದನ್ನೂ ಸರಿಮಾಡಿದರು. ನಾಚಿಕೆಗೆ ಬೆವೆತುಹೋಗಿದ್ದೆ. ಉಳಿದ ಕಾಡಿಗೆಯನ್ನು ಸೆರಗಿನಿಂದ ನಾನೇ ಒರೆಸಿ, ಅದೇ ಸೆರಗಿನಿಂದ ಮುಖವನ್ನೂ ಒರೆಸಿಕೊಂಡು ಬಸ್ ಹತ್ತಿದೆ. ಕಂಡಕ್ಟರ್ ನನ್ನನ್ನೇ ನೋಡಿ ನಕ್ಕರು. ಟೀಚರ್ ಕಳೆ ಆಗಲೇ ಬಂದಿರಬೇಕು ಅಂದುಕೊಂಡೆ.

ಮನೆ ಸೇರಿದಾಗ ಮೂರಕ್ಕೆ ಐದೇ ನಿಮಿಷ. ಕನ್ನಡಿ ನೋಡಲು ಸಮಯವೆಲ್ಲಿ? ಪರದೆಯ ಮೂಲೆಯಲ್ಲಿ ಉಗುರಿನಷ್ಟು ಕಾಣುತ್ತಿದ್ದ ನನ್ನ ಮುಖದ ಕಡೆಗೂ ಗಮನ ಹೋಗಲಿಲ್ಲ. ಪಾಠ ಮಾತ್ರ ಅದ್ಭುತವಾಗಿ ಸಾಗಿತು. ತೋಳು, ಕಂಕುಳು, ಕತ್ತು, ಎಲ್ಲ ಸಲೀಸು. ಇಪ್ಪತ್ತು ಹೆಂಗಸರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಗತ್ತಿನಿಂದ, "ಏನಾದ್ರೂ ಡೌಟ್ ಇದ್ರೆ ಕೇಳಿ" ಅಂದೆ.

ಒಬ್ಬಾಕೆ ಕೈ ಎತ್ತಿದಳು. "ಟೀಚರ್, ನಿಮ್ ಕೆನ್ನೆ ಮೇಲೆ ಅಂಗೈ ಅಗಲ ಕಪ್ಪಗೈತಲ್ಲ, ಏನದು?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹಿಂದಿನಿಂದ ಇಣುಕಿದರು. "ಏನಿಲ್ಲ ಕಣ್ರಮ್ಮಾ, ಇಪ್ಪತ್ತು ಜನ ಒಟ್ಟಿಗೆ ನೋಡ್ತೀರಲ್ಲ, ದೃಷ್ಟಿ ಆಗ್ಬಾರ್ದು ಅಂತ!"

ಕೆಲಸವೇನೋ ಸಿಕ್ಕಿತು. ಆಸೆಪಟ್ಟಂತೆ ಎಲ್ಲರೂ ಟೀಚರ್ ಎಂದೇ ಕರೆಯುತ್ತಾರೆ. ಕಾಡಿಗೆ ಟೀಚರ್!