ಸೂರ್ಯಕಾಂತಿ ಹೊಲದ ಒಡೆತನ ಕುರಿತು ಒಂದು ಸಂಶೋಧನೆ

ಎರಡು ಆಧಾರಗಳು ತಾಳೆಯಾಗದ ಹೊರತು ಯಾವ ಇಸವಿಯನ್ನೂ ನಂಬದಿರುವುದು ಇತಿಹಾಸದ ಅಧ್ಯಾಪಕನಾಗಿದ್ದ ನನ್ನ ವೃತ್ತಿಯ ಅಭ್ಯಾಸ. ನಿವೃತ್ತಿಯ ನಂತರ ಅದು ಕಾಯಿಲೆಯಾಗಿದೆ. ಶಾಲೆಯ ದಾಖಲೆಗೂ ಜಾತಕಕ್ಕೂ ಹೊಂದಿಕೆಯಾಗದ ಕಾರಣ ನಾನು ಇಂದಿಗೂ ಹುಟ್ಟುಹಬ್ಬ ಆಚರಿಸಿಕೊಂಡವನಲ್ಲ. ಇಂಥವನಿಗೆ ಯಾರು ತಾನೇ ಟೋಪಿ ಹಾಕಬಲ್ಲರು ಎಂಬ ಹೆಮ್ಮೆ ನನಗಿತ್ತು. ಮನೆಮನೆಗೂ ಡಿಜಿಟಲ್ ಕ್ಯಾಮೆರಾ ಬರತೊಡಗಿದ್ದ ಆ ವರ್ಷ, ಚಾಮರಾಜನಗರದಿಂದ ಹೊರಟ ನಾನೂ ನನ್ನ ಹೆಂಡತಿಯೂ ಗುಂಡ್ಲುಪೇಟೆ ದಾಟಿ, ಬೇಗೂರಿನ ಬಳಿ ಸೂರ್ಯಕಾಂತಿ ಹೊಲ ನೋಡಲು ಬಸ್ಸಿಳಿದಾಗ ಆ ಹೆಮ್ಮೆಯೂ ನಮ್ಮೊಡನೆಯೇ ಇಳಿಯಿತು.

ಬದುವಿನ ಮೇಲೆ ಕುಳಿತಿದ್ದ ಟವೆಲ್ಲಿನ ಆಸಾಮಿಯೊಬ್ಬ ಫೋಟೋಗೆ ತಲೆಗೆ ಹತ್ತು ರೂಪಾಯಿ ಕೇಳುತ್ತಿದ್ದ. ಮಕ್ಕಳೊಡನೆ ಬಂದಿದ್ದ ಕೇರಳದ ಗೃಹಸ್ಥರೊಬ್ಬರು ಅನುಮಾನದಿಂದ ನನ್ನತ್ತ ತಿರುಗಿ, "ಸಾರ್, ಇವನೇ ಓನರಾ?" ಎಂದರು. ನಾನು ತನಿಖೆ ಆರಂಭಿಸಿದೆ.

"ಕೊಂಡದ್ದೋ, ಪಿತ್ರಾರ್ಜಿತವೋ?"

"ಪಿತ್ರಾರ್ಜಿತನೇ ಬುದ್ದಿ."

"ಪ್ಲೇಗಿನಲ್ಲಿ ಹಳೆಯೂರು ಬಿಟ್ಟ ಕಾಲದಲ್ಲಿ ಬಂದದ್ದಿರಬೇಕು?"

"ಎಂಗ್ ಗೊತ್ತಾಯ್ತು ಬುದ್ದಿ? ನಮ್ ತಾತನೂ ಇದ್ನೇ ಏಳ್ತಿದ್ದ!"

ನನಗೆ ರೋಮಾಂಚನವಾಯಿತು. "ಉತ್ತರ ನೀವೇ ಹೇಳಿಕೊಟ್ರೆ ಅವನಿಗೇನ್ರೀ ಕಷ್ಟ?" ಎಂದಳು ಹೆಂಡತಿ. ಕ್ಷೇತ್ರಕಾರ್ಯದಲ್ಲಿ ಕುಟುಂಬದವರ ಹಸ್ತಕ್ಷೇಪವನ್ನು ನಾನು ಎಂದೂ ಸಹಿಸಿದವನಲ್ಲ. ಎಲ್ಲವನ್ನೂ ಬರೆದುಕೊಂಡು, "ನಿಸ್ಸಂಶಯವಾಗಿ ಇವರದೇ" ಎಂದು ಘೋಷಿಸಿದೆ. ನನ್ನ ಮಾತಿನ ಮೇಲೆ ಮೂರು ಕಾರಿನ ಜನ ಹಣ ಕೊಟ್ಟರು.

ಅಷ್ಟರಲ್ಲಿ ಹೊಲದೊಳಗಿಂದ ಕುಡುಗೋಲು ಹಿಡಿದ ಹೆಂಗಸೊಬ್ಬಳು ಬಂದಳು. "ಯಾವನ್ಲಾ ಅದು, ನನ್ನೊಲದಲ್ಲಿ ಕಾಸೆತ್ತೋನು?" ಎಂಬ ಕೂಗು ಮುಗಿಯುವಷ್ಟರಲ್ಲಿ ಟವೆಲ್ಲು ಹೆದ್ದಾರಿಯಾಚೆ ಹಾರುತ್ತಿತ್ತು.

ಅವನೇ ಓನರೆಂದು ಹಣ ಕೊಟ್ಟೆವು ಎಂದರು ಕಾರಿನವರು.

"ಅವನೇ ಓನರ್ ಅಂತ ಯಾರ್ ಏಳಿದ್ದು?" ಎಂದಳು ಆಕೆ.

ಮೂರು ಕಾರಿನ ಜನರೂ ನನ್ನನ್ನು ತೋರಿಸಿದರು. "ಇಬ್ಬರೂ ಪಾರ್ಟ್‌ನರ್ಸ್!" ಎಂದರು ಕೇರಳದವರು. ಮೂವತ್ತು ವರ್ಷ ಗಳಿಸಿದ ಮರ್ಯಾದೆ ಆ ಕುಡುಗೋಲಿನ ತುದಿಯಲ್ಲಿತ್ತು. ನಾನು ಟಿಪ್ಪಣಿ ಪುಸ್ತಕ ಚಾಚಿದೆ. ಆಕೆ ಅದನ್ನು ಮುಟ್ಟದೆ ನನ್ನ ಮುಖವನ್ನೇ ಓದಿ, ಗೊಳ್ಳೆಂದು ನಕ್ಕಳು. "ಈವಯ್ಯ ಕಳ್ಳನಲ್ಲ ಬುಡಿ. ಇಷ್ಟೊಂದು ಬರ್ಕಂಡು ಯಾವ ಕಳ್ಳ ಮೋಸ ಮಾಡಾನು? ಓಗಿ, ಎಲ್ರೂ ಫೋಟೋ ಇಡ್ಕಳಿ, ಕಾಸ್ ಬ್ಯಾಡ." ಮಕ್ಕಳು ಹೂಗಳತ್ತ ಓಡಿದರು. ಕೇರಳದವರೂ ನಕ್ಕು ನನ್ನನ್ನು ಫೋಟೋದ ನಡುವೆ ನಿಲ್ಲಿಸಿಕೊಂಡರು.

ಆದುದರಿಂದ ಪ್ರವಾಸಿಗರಲ್ಲಿ ನನ್ನ ವಿನಂತಿ: ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಮನೆಗೆ ಬಂದು ಟಿಪ್ಪಣಿಯನ್ನು ಪರಿಶೀಲಿಸಿದೆ. ಎಲ್ಲವೂ ಸುಳ್ಳು, ಆದರೆ ಬೆಳಿಗ್ಗೆ ಕ್ಯಾಲೆಂಡರ್ ನೋಡಿ ಬರೆದಿದ್ದ ತಾರೀಖಾದರೂ ನಿಜವಲ್ಲವೇ ಎಂದು ಗಟ್ಟಿಯಾಗಿ ಹೇಳಿಕೊಂಡು ಸಮಾಧಾನಪಟ್ಟೆ.

"ರೀ," ಎಂದಳು ಹೆಂಡತಿ ಒಳಗಿನಿಂದ, "ಆ ಕ್ಯಾಲೆಂಡರಿನ ದಿನದ ಹಾಳೆ ಹರಿಯದೆ ಎರಡು ದಿನ ಆಯ್ತು, ಅದು ಇನ್ನೂ ಮೊನ್ನೆ ತಾರೀಖನ್ನೇ ತೋರಿಸ್ತಿದೆ."