ಯಾರ ಎದೆ ಎಂದು ಕೇಳದ ಗಡಿಯಾರದ ಕಂಪನಿಗೆ

ಎದೆಬಡಿತ ಅಳೆಯುವ ಕೈಗಡಿಯಾರದ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಯಂತ್ರಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಸಂಗತಿಯನ್ನು ಮೊದಲು ಹೇಳಿದವರು ನಮ್ಮ ಅತ್ತಿಗೆ, ಕಳೆದ ಮಂಗಳವಾರ ಮಧ್ಯಾಹ್ನ, ನಮ್ಮ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಆರು ಹೆಂಗಸರಿಗೆ. ಅವರು ನಗುನಗುತ್ತಲೇ ಹೇಳಿದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲದ ಕಾರಣ ಪತ್ರ ಬರೆಯುತ್ತಿದ್ದೇನೆ.

ತಮ್ಮ ಗಡಿಯಾರವನ್ನು ನಮ್ಮಣ್ಣ ತನಗೆ ತಾನೇ ಉಡುಗೊರೆ ಕೊಟ್ಟುಕೊಂಡ. ಆದರೆ ನಮ್ಮ ಮನೆಯಲ್ಲಿ ಛತ್ರಿ, ಬಾಚಣಿಗೆ, ಚಪ್ಪಲಿ ಯಾವುದಕ್ಕೂ ಒಬ್ಬನೇ ಯಜಮಾನನೆಂಬುದಿಲ್ಲ. ಅಣ್ಣ ಉಂಡು ಅಡ್ಡಾಗುವಾಗ ಗಡಿಯಾರ ಬಿಚ್ಚಿಡುವುದು, ಹಾಸಿಗೆಯ ಬಟ್ಟೆ ಕುದಿಯುವ ಹೊತ್ತು ನೋಡಲು ಅತ್ತಿಗೆ ಅದನ್ನು ಕಟ್ಟಿಕೊಂಡು ಹಂಡೆಯ ಮುಂದೆ ಕೂರುವುದು, ಹೀಗೆ ನಡೆದಿತ್ತು. ದಿನವಿಡೀ ಅವರು ಅಲುಗಾಡದೆ ಕೂರುವುದು ಆ ಅರ್ಧ ಗಂಟೆ ಮಾತ್ರ.

ಒಂದು ಸಂಜೆ ಅಣ್ಣ ಅದನ್ನು ಮರಳಿ ಕಟ್ಟಿಕೊಂಡ ಗಳಿಗೆಯಲ್ಲೇ ಗಡಿಯಾರ ನಡುಗಿ, ‘ನಿಮ್ಮ ಹೃದಯದ ಬಡಿತ ಲಯ ತಪ್ಪುತ್ತಿದೆ, ವೈದ್ಯರನ್ನು ಕಾಣಿ’ ಎಂದು ತೋರಿಸಿತು. ಯಾರ ಹೃದಯ ಎಂದು ಕೇಳಲಿಲ್ಲ. ಮರ್ಯಾದಸ್ಥ ಯಂತ್ರ, ಹೆಸರು ಕೇಳುವುದು ಅಸಭ್ಯವೆಂದು ತಿಳಿದಿರಬೇಕು. ಆರಡಿಯ ಅಣ್ಣ ನಿಂತಲ್ಲೇ ಮೂರಡಿಯಾದ. ‘ನನ್ನ ಕಥೆ ಮುಗೀತು ಕಣೇ’ ಎಂದು ಮಲಗಿದವನು, ವೈದ್ಯರು ಸಿಗುವವರೆಗೆ ಐದು ದಿನ ಏಳಲೇ ಇಲ್ಲ. ಅತ್ತಿಗೆ ಅವನ ಪಾಲಿನ ಇಸ್ತ್ರಿಯನ್ನೂ ಮಾಡಿ, ಬಿಸಿನೀರಿನ ಬಕೆಟ್ಟನ್ನು ಲಾಂಡ್ರಿಯ ಮೇಲಿನ ಮನೆಗೆ ಹೊತ್ತು, ಅವನ ಕಾಲೊತ್ತಿದರು.

ನಡುವೆ ಮೆಟ್ಟಿಲ ಮೇಲೆ ನಿಂತು, ‘ನಂಗೂ ಎದೇಲಿ ಹಕ್ಕಿ ರೆಕ್ಕೆ ಬಡಿದಂಗಾಗುತ್ತೆ ಕಣಪ್ಪ’ ಅಂದರು. ಎಂಟು ತಿಂಗಳಿಂದ ಅನ್ನುತ್ತಿದ್ದ ಮಾತೇ. ‘ಗ್ಯಾಸು ಅತ್ತಿಗೆ, ಬಿಸಿನೀರು ಕುಡೀರಿ’ ಎಂದು ಎಂಟು ತಿಂಗಳಿಂದ ಚಿಕಿತ್ಸೆ ಕೊಟ್ಟವನು ನಾನೇ. ಅವರ ಮಾತಿಗೆ ತಮ್ಮ ಗಡಿಯಾರಕ್ಕಿರುವಂತೆ ಹೊಳೆಯುವ ಗಾಜಾಗಲಿ ಎರಡು ವರ್ಷದ ಗ್ಯಾರಂಟಿಯಾಗಲಿ ಇರಲಿಲ್ಲ, ನೋಡಿ. ಅಣ್ಣನ ಎದೆಯ ಬಗ್ಗೆ ತಮ್ಮ ಸಹಾಯವಾಣಿಗೂ ಫೋನ್ ಮಾಡಿದೆ. ಮಧುರ ಕಂಠವೊಂದು ‘ನಿಮ್ಮ ನೆಮ್ಮದಿಯೇ ನಮ್ಮ ಉಸಿರು’ ಎಂದು ಹದಿನೆಂಟು ಸಲ ಹೇಳಿ ಉಸಿರು ನಿಲ್ಲಿಸಿತು.

ವೈದ್ಯೆ ಅಣ್ಣನ ಎದೆಗೆ ತಂತಿ ಅಂಟಿಸಿ ನೋಡಿ, ‘ನಿಮ್ಮದು ಗಟ್ಟಿ ಗುಂಡಿಗೆ, ಹೋಗಿ ಕೆಲಸ ನೋಡ್ಕೊಳ್ಳಿ’ ಅಂದರು. ಅಣ್ಣನಿಗೆ ಅದು ಅವಮಾನವೇ ಆಯಿತು. ಆಮೇಲೆ ಅವರು ಅಣ್ಣನ ಫೋನಿನಲ್ಲಿ ಗಡಿಯಾರದ ದಾಖಲೆ ತಿರುವಿ, ಲಯ ತಪ್ಪಿದ್ದೆಲ್ಲ ಮಧ್ಯಾಹ್ನ ಎರಡರಿಂದ ಮೂರರೊಳಗೆ ಎಂದು ಕಂಡು, ‘ಆ ಹೊತ್ತಲ್ಲಿ ಇದನ್ನ ಕಟ್ಕೊಂಡಿದ್ದು ಯಾರ್ರೀ?’ ಎಂದರು. ಅಣ್ಣ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ಅತ್ತಿಗೆ ಅವನ ಅಂಗಿ ಹಿಡಿದು ಬಾಗಿಲ ಬಳಿ ನಿಂತಿದ್ದರು.

ಅದೇ ಮಂಚದಲ್ಲಿ ಅವರನ್ನು ಮಲಗಿಸಿದಾಗ ಕಾಗದದ ಮೇಲಿನ ಗೆರೆ ಚದುರಿದ ಕುರಿಮಂದೆಯಂತೆ ಓಡಿತು. ಇನ್ನಷ್ಟು ದಿನ ಬಿಟ್ಟಿದ್ದರೆ ಎದೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಹೊಡೆಯಬಹುದಿತ್ತಂತೆ. ಈಗ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ, ಭಾರ ಎತ್ತಬಾರದೆಂಬ ಅಪ್ಪಣೆ. ಅತ್ತಿಗೆ ವಿಶ್ರಾಂತಿಗೆ ಕೂತ ಮೊದಲ ದಿನವೇ, ಈಗ ಅವರ ಕೈಗೇರಿರುವ ತಮ್ಮ ಗಡಿಯಾರ ‘ಇಂದು ನೀವು ಸಾಕಷ್ಟು ಓಡಾಡಿಲ್ಲ, ಏಳಿ!’ ಎಂದು ಅಕ್ಕರೆಯಿಂದ ಗದರಿತು.

ನಾವು ಎಂಟು ತಿಂಗಳು ಕೇಳಿಸಿಕೊಳ್ಳದ್ದನ್ನು ತಮ್ಮ ಯಂತ್ರ ಎರಡೇ ವಾರದಲ್ಲಿ ಕೇಳಿಸಿಕೊಂಡಿತು. ಅದಕ್ಕೆ ಸಾಷ್ಟಾಂಗ ನಮಸ್ಕಾರ. ಅದನ್ನು ತಪ್ಪು ಮನುಷ್ಯನಿಗೆ ಹೇಳಿತು. ಅದಕ್ಕೆ ಈ ಪತ್ರ. ಆದ್ದರಿಂದ ತಮ್ಮ ಮುಂದಿನ ಗಡಿಯಾರ ಕೈಯ ಒರಟು ನೋಡಿಯೇ ಅದು ಯಾರದೆಂದು ಗುರುತಿಸಲಿ. ನೀರಿನ ಬಕೆಟ್ಟನ್ನು ತಾನೇ ಮಹಡಿಗೆ ಒಯ್ಯಲಿ. ಹೆಂಗಸರು ಎದೆಯ ಸಂಕಟ ಹೇಳಿಕೊಂಡಾಗ ‘ಗ್ಯಾಸು’ ಎನ್ನುವವನ ಮಣಿಕಟ್ಟಿಗೆ ಸಣ್ಣದೊಂದು ಶಾಕ್ ಕೊಡಲಿ. ಮೂರೂ ಆಗದಿದ್ದರೆ ಕೊನೆಯದೊಂದನ್ನಾದರೂ ದಯಪಾಲಿಸಿ. ಮೊದಲ ಗಡಿಯಾರವನ್ನು ನನಗೇ ಕಳುಹಿಸಿ.

ತಮ್ಮ ವಿಶ್ವಾಸಿ,
ಗ್ಯಾಸಿನ ಮೈದುನ

ತಾಜಾ ಕಲಂ: ಅತ್ತಿಗೆಯ ಕಥೆ ಕೇಳಿದ ಆರೂ ಹೆಂಗಸರು ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ, ವೈದ್ಯೆಯ ಬಾಗಿಲಲ್ಲಿ ಸಾಲಾಗಿ ಕುಳಿತಿದ್ದರಂತೆ. ಅಂದಿನ ಇಸ್ತ್ರಿಯನ್ನೆಲ್ಲ ಅಣ್ಣ ಮತ್ತು ನಾನೇ ಮಾಡಿದೆವು. ಸುಟ್ಟ ಹನ್ನೊಂದು ಅಂಗಿಗಳ ಬಗ್ಗೆ ಗಿರಾಕಿಗಳು ದೂರು ಬರೆಯಬೇಕೆಂದಿದ್ದಾರೆ. ಅವರಿಗೆ ತಮ್ಮ ವಿಳಾಸ ಕೊಟ್ಟಿದ್ದೇನೆ.